ಬಾನಾಡಿಗಳ ಗೂಡು ಕೆಡವಿದರೆ ಅವು ನಿಜವಾಗಿಯೂ ಬೇರೆಡೆ ಹೋಗುತ್ತವೆಯೇ?

ಮುಂಜಾವು
ನಾವಿರುವ ಕಟ್ಟಡದ ಮುಂಭಾಗದ ಕಮಾನಿನ ಅಡಿಯಲ್ಲಿ ಬಾನಾಡಿಗಳ (ಇಂಗ್ಲಿಷಿನಲ್ಲಿ ಸ್ವಿಫ್ಟ್) ಗೂಡುಗಳಿವೆ. ಎಣಿಸಿದಾಗ ಇಪ್ಪತ್ತಾರು ಸಿಕ್ಕವು. ಹುಲ್ಲು, ಗರಿ, ನೂಲಿನ ಎಳೆಗಳನ್ನು ಉಂಡೆ ಮಾಡಿ ಚಾವಣಿಗೆ ಮೆತ್ತಿದ ಹಾಗೆ ಕಾಣುತ್ತವೆ. ಮುಂದಿನ ವಾರ ಸುಣ್ಣಬಣ್ಣದ ಕೆಲಸ ಶುರುವಾಗುತ್ತದೆ. ಕೋಲಿನಿಂದ ಗೂಡು ಕೆಡವೋಣ, ಹಕ್ಕಿಗಳು ಬೇರೆ ಜಾಗ ಹುಡುಕಿಕೊಳ್ಳುತ್ತವೆ ಎಂದು ನಿವಾಸಿಗಳ ಸಭೆಯಲ್ಲಿ ತೀರ್ಮಾನವಾಗಿದೆ. ಬೇಡ ಎಂದವಳು ನಾನೊಬ್ಬಳೇ.

ಆಗ ಹಿರಿಯರೊಬ್ಬರು ಕೇಳಿದ ಪ್ರಶ್ನೆ ತಲೆಯಲ್ಲಿ ಕೊರೆಯುತ್ತಿದೆ. "ಈ ಹಕ್ಕಿ ಮರದ ಮೇಲೆ ಕೂರುವುದಿಲ್ಲ, ಹಣ್ಣು ತಿಂದು ಬೀಜ ಹರಡುವುದಿಲ್ಲ, ಹೂವಿನ ಹತ್ತಿರ ಸುಳಿಯುವುದಿಲ್ಲ. ಹಗಲೆಲ್ಲ ಆಕಾಶದಲ್ಲೇ ಇರುತ್ತದೆ. ನೆಲದ ಮೇಲಿನ ಉಳಿದ ಜೀವಗಳಿಗೂ ಇದಕ್ಕೂ ಏನು ನಂಟು?" ಅವರು ವ್ಯಂಗ್ಯವಾಗಿ ಕೇಳಲಿಲ್ಲ, ತಿಳಿಯುವ ಆಸೆಯಿಂದಲೇ ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಸಭೆ ಮತ್ತೆ ಸೇರುವುದು ನಾಲ್ಕು ದಿನಗಳಲ್ಲಿ. ತಿಳಿದವರು ಹೇಳಿ.

ಗರಿಗಣ್ಣು
ಗೂಡುಗಳಲ್ಲಿ ಮೊಟ್ಟೆ ಅಥವಾ ಮರಿ ಇವೆಯೇ? ಮೊದಲು ಅದನ್ನು ಹೇಳಿ, ಉಳಿದ ಮಾತು ಆಮೇಲೆ.

ಮುಂಜಾವು
ಐದಾರು ಗೂಡುಗಳಿಂದ ಮರಿಗಳ ಚೀರಾಟ ಕೇಳಿಸುತ್ತದೆ. ಮಿಕ್ಕವು ಖಾಲಿ ಎಂದು ಎಲ್ಲರೂ ಹೇಳುತ್ತಾರೆ.

ಹಳೆಯ ದುರ್ಬೀನು
ಹಗಲು ಹೊತ್ತಿನಲ್ಲಿ ನೋಡಿದವರು ಹಾಗೆಯೇ ಹೇಳುತ್ತಾರೆ. ಮನೆ ಬಾನಾಡಿಗೆ ಗೂಡು ಬರೀ ಬಾಣಂತಿಕೋಣೆಯಲ್ಲ, ಮಲಗುವ ಮನೆಯೂ ಹೌದು. ಮರಿ ಮಾಡುವ ಕಾಲ ಮುಗಿದ ಮೇಲೂ ರಾತ್ರಿ ತಂಗುವುದು ಅಲ್ಲಿಯೇ. ಕತ್ತಲು ಕವಿಯುವ ಮುನ್ನ ಅರ್ಧ ಗಂಟೆ ಕಮಾನಿನ ಕೆಳಗೆ ನಿಂತು, ಯಾವ ಗೂಡಿಗೆ ಎಷ್ಟು ಹಕ್ಕಿ ನುಗ್ಗಿದವು ಎಂದು ಬರೆದುಕೊಳ್ಳಿ. "ಖಾಲಿ" ಎಂಬ ಮಾತನ್ನು ಆಮೇಲೆ ಯಾರೂ ಆಡುವುದಿಲ್ಲ.

ಇನ್ನು ಬೇರೆಡೆ ಹೋಗುವ ವಿಚಾರ. ಆ ಗೂಡು ಹೇಗೆ ಕಟ್ಟಿದ್ದು ಗೊತ್ತೇ? ಗಾಳಿಯಲ್ಲಿ ತೇಲಿಬಂದ ಗರಿಯನ್ನು, ಹುಲ್ಲುಕಡ್ಡಿಯನ್ನು ಹಾರುತ್ತಲೇ ಕೊಕ್ಕಿನಲ್ಲಿ ಹಿಡಿದು ತಂದು, ತನ್ನ ಜೊಲ್ಲಿನಿಂದಲೇ ಅಂಟಿಸುತ್ತದೆ. ಗೂಡು ಕಟ್ಟುವ ಕಾಲಕ್ಕೆ ಅದರ ಜೊಲ್ಲಿನ ಗ್ರಂಥಿಗಳು ಊದಿಕೊಳ್ಳುತ್ತವೆ. ನೆಲಕ್ಕಿಳಿದು ಕಡ್ಡಿ ಆಯ್ದು ತರುವ ಕಾಲು ಅದಕ್ಕಿಲ್ಲ. ಕೋಲಿನ ಒಂದೇ ಏಟಿಗೆ ಬೀಳುವುದು ಎಷ್ಟೋ ದಿನಗಳ ದುಡಿಮೆ.

ಬಿಸಿಲುಕೋಲು
ಇವು ಕವಲುತೋಕೆಗಳೇ ಅಲ್ಲವೇ? ತಂತಿಯ ಮೇಲೆ ಸಾಲಾಗಿ ಕುಳಿತಿರುವುದನ್ನು ಎಷ್ಟೋ ಸಲ ನೋಡಿದ್ದೇನೆ. ಕಾಲು ಇಲ್ಲ ಎಂದರೆ ಹೇಗೆ?

ಗರಿಗಣ್ಣು
ತಂತಿಯ ಮೇಲೆ ಕುಳಿತಿತ್ತು ಎಂದಾದರೆ ಅದು ಬಾನಾಡಿಯಲ್ಲ, ಕವಲುತೋಕೆಯೇ. ಕೆಲವರು ಅಂಬರಗುಬ್ಬಿ ಎನ್ನುವುದೂ ಅದನ್ನೇ. ಎರಡೂ ಹಾರುವ ಕೀಟಗಳನ್ನು ಅಟ್ಟಿ ಹಿಡಿಯುತ್ತವೆ, ಅದೇ ಕಸುಬಿನಿಂದಾಗಿ ಮೈಕಟ್ಟು ಹೋಲುತ್ತದೆ. ರಕ್ತಸಂಬಂಧ ಬಹಳ ದೂರದ್ದು. ಬಾನಾಡಿಯ ಹತ್ತಿರದ ನೆಂಟರು ಅಮೆರಿಕ ಖಂಡಗಳ ಝೇಂಕಾರದ ಹಕ್ಕಿಗಳು (ಹಮ್ಮಿಂಗ್‌ಬರ್ಡ್). ಒಂದು ಹೂವಿನ ಮುಂದೆ ನಿಂತಲ್ಲೇ ರೆಕ್ಕೆ ಬಡಿಯುತ್ತದೆ, ಇನ್ನೊಂದು ನಿಲ್ಲುವುದೇ ಇಲ್ಲ. ಆದರೂ ಗಿಡ್ಡ ತೋಳೆಲುಬು, ಉದ್ದನೆಯ ಅಂಗೈ, ಗಟ್ಟಿ ರೆಕ್ಕೆಯ ವಿನ್ಯಾಸ ಎರಡಕ್ಕೂ ಒಂದೇ.

ಕಾಲು ಇದೆ. ಆದರೆ ನಾಲ್ಕು ಬೆರಳುಗಳೂ ಮುಂದಕ್ಕೆ ತಿರುಗಬಲ್ಲವು. ಕೊಂಬೆಯನ್ನು ಸುತ್ತಿ ಹಿಡಿಯಲು ಆಗುವುದಿಲ್ಲ, ಗೋಡೆಗೆ ಕೊಕ್ಕೆಯಂತೆ ಜೋತುಬೀಳಲು ಆಗುತ್ತದೆ. "ಏಪಸ್" ಎಂಬ ವೈಜ್ಞಾನಿಕ ಹೆಸರಿಗೆ ಗ್ರೀಕ್ ಮೂಲದಲ್ಲಿ "ಪಾದವಿಲ್ಲದ್ದು" ಎಂದೇ ಅರ್ಥ. ಹೆಸರಿಟ್ಟವರು ಉತ್ಪ್ರೇಕ್ಷೆ ಮಾಡಿದರು, ಅಷ್ಟೇ.

ತೇಪೆಗಾರ
ಕಟ್ಟಡದ ಕೆಲಸದಲ್ಲೇ ಮೂವತ್ತು ವರ್ಷ ಕಳೆದವನು ನಾನು. ಬಣ್ಣ ಬಳಿಯುವವರನ್ನು ದೂರುವುದಕ್ಕೆ ಮೊದಲು ಒಂದು ಮಾತು. ಹಳೆಯ ಕಟ್ಟಡಗಳಲ್ಲಿ ಸಂದು, ತೂತು, ಒರಟು ಗಾರೆ, ಅಡ್ಡತೊಲೆಯ ಮೂಲೆ ಎಲ್ಲವೂ ಇರುತ್ತಿದ್ದವು. ಈಗಿನದು ಗಾಜು ಮತ್ತು ನುಣುಪು. ಜೊಲ್ಲಿನ ಗೂಡು ಅಂಥ ಮೈಗೆ ಕಚ್ಚಿಕೊಳ್ಳುವುದಿಲ್ಲ. ಆದ್ದರಿಂದ "ಬೇರೆಡೆ" ಎಂಬ ಜಾಗ ದಿನೇದಿನೇ ಕಿರಿದಾಗುತ್ತಿದೆ ಎಂಬುದು ನನ್ನ ಕಣ್ಣೆದುರಿನ ಸತ್ಯ. ಆದರೆ ಬಾಗಿಲ ಮುಂದೆ ಹಿಕ್ಕೆ ಬೀಳುವುದೂ ಸತ್ಯವೇ. ಅದನ್ನು ಒಪ್ಪಿಕೊಳ್ಳದೆ ಸಭೆಯಲ್ಲಿ ಮಾತಾಡಿದರೆ ಯಾರೂ ಕಿವಿಗೊಡುವುದಿಲ್ಲ. ಗೂಡುಗಳ ಕೆಳಗೆ ಒಂದು ಹಲಗೆ ಕಟ್ಟಿದರೆ ಮುಗಿಯಿತು, ಅರ್ಧ ದಿನದ ಕೆಲಸ.

ನೆಲದ ನಂಟು
ಹಿರಿಯರ ಪ್ರಶ್ನೆಗೆ ಬರೋಣ, ಅದು ಒಳ್ಳೆಯ ಪ್ರಶ್ನೆ. ನನ್ನ ಉತ್ತರ ಒಂದೇ ಶಬ್ದ: ಈಸಲು.

ಮೊದಲ ಮಳೆ ಬಿದ್ದ ಸಂಜೆ ಹುತ್ತದಿಂದ ರೆಕ್ಕೆಯ ಗೆದ್ದಲು ಹೊಗೆಯಂತೆ ಏಳುವುದನ್ನು ನೋಡಿದ್ದೀರಲ್ಲ? ತಲೆಯೆತ್ತಿ ಇನ್ನೂ ಮೇಲಕ್ಕೆ ನೋಡಿ, ಬಾನಾಡಿಗಳು ಸುತ್ತುತ್ತಿರುತ್ತವೆ. ಬಿದ್ದ ಮರ, ಒಣಗಿದ ಹುಲ್ಲು ಮಣ್ಣಿನೊಳಗೆ ಗೆದ್ದಲಾಗಿ, ಗೆದ್ದಲು ಒಂದು ಸಂಜೆ ರೆಕ್ಕೆ ಮೂಡಿಸಿಕೊಂಡು ಮೇಲೇರಿ, ಅಲ್ಲಿ ಬಾನಾಡಿಯ ಬಾಯಿಗೆ ಬೀಳುತ್ತದೆ. ಎಂದೋ ಉರುಳಿದ ಮರವೊಂದು ಈಗ ಆಕಾಶದಲ್ಲಿ ಹಾರುತ್ತಿದೆ. ನೆಲಕ್ಕೂ ಈ ಹಕ್ಕಿಗೂ ಇರುವ ನಂಟು ಅದು.

ಈಸಲು ವರ್ಷಕ್ಕೆ ಕೆಲವೇ ಸಂಜೆಗಳ ಹಬ್ಬ. ದಿನನಿತ್ಯದ ಊಟ ಇನ್ನೂ ಸಣ್ಣದು. ಗಿಡದ ಹೇನು, ರೆಕ್ಕೆಯ ಇರುವೆ, ಚಿಕ್ಕ ಜೀರುಂಡೆ, ನೊಣ, ಜಿಗಿಹುಳು. ಬಿಸಿಲಿಗೆ ನೆಲ ಕಾದಾಗ ಮೇಲೇಳುವ ಗಾಳಿ ಇವನ್ನೆಲ್ಲ ಹೊತ್ತೊಯ್ಯುತ್ತದೆ. ಜೊತೆಗೆ ರೆಕ್ಕೆಯೇ ಇಲ್ಲದ ಜೇಡದ ಮರಿಗಳು! ಹುಲ್ಲಿನ ತುದಿಗೆ ಹತ್ತಿ, ಹೊಟ್ಟೆಯನ್ನು ಮೇಲಕ್ಕೆತ್ತಿ ನೂಲು ಬಿಟ್ಟು ತೇಲಿಹೋಗುತ್ತವೆ. ಗಾಳಿಯಷ್ಟೇ ಅಲ್ಲ, ವಾತಾವರಣದ ವಿದ್ಯುತ್ ಕ್ಷೇತ್ರವೂ ಅವನ್ನು ಎತ್ತಬಲ್ಲದು ಎಂದು ಬ್ರಿಸ್ಟಲ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ತೋರಿಸಿದರು. ಯುರೋಪಿನ ಸಾಮಾನ್ಯ ಬಾನಾಡಿ ಇದನ್ನೆಲ್ಲ ಗಂಟಲಿನಲ್ಲಿ ಉಂಡೆಕಟ್ಟಿ ಮರಿಗೆ ತರುತ್ತದೆ. ಒಂದೊಂದು ಉಂಡೆಯಲ್ಲಿ 300ರಿಂದ 1,000 ಕೀಟಗಳಿರಬಹುದು.

ನಮಗೆ ಆಕಾಶ ಬಯಲು. ಬಾನಾಡಿಗೆ ಅದು ಮೇವು ತುಂಬಿದ ಹುಲ್ಲುಗಾವಲು, ಅದರ ಬೇರು ಇರುವುದು ನೆಲದಲ್ಲೇ.

ಬಿಸಿಲುಕೋಲು
ಹಾಗಾದರೆ ಸುಲಭ. ಸೊಳ್ಳೆ ತಿನ್ನುವ ಹಕ್ಕಿ ಎಂದು ಸಭೆಯಲ್ಲಿ ಹೇಳಿಬಿಡಿ. ಮರುಮಾತಿಲ್ಲದೆ ಒಪ್ಪುತ್ತಾರೆ.

ನೆಲದ ನಂಟು
ದಯವಿಟ್ಟು ಹಾಗೆ ಹೇಳಬೇಡಿ. ಬಾನಾಡಿ ಬೇಟೆಯಾಡುವುದು ಹಗಲಿನಲ್ಲಿ, ಎತ್ತರದಲ್ಲಿ. ಮನೆಯೊಳಗೆ ಕಚ್ಚುವ ಸೊಳ್ಳೆ ಹಾರುವುದು ತಗ್ಗಿನಲ್ಲಿ, ಹೆಚ್ಚಾಗಿ ಇಳಿಹೊತ್ತು ಮತ್ತು ರಾತ್ರಿಯಲ್ಲಿ. ಸಿಕ್ಕರೆ ಬಿಡುವುದಿಲ್ಲ ನಿಜ. ಆದರೆ ಗೂಡು ಉಳಿಸಿದ ಮೇಲೂ ಸೊಳ್ಳೆ ಕಚ್ಚಿದರೆ ಮುಂದಿನ ವರ್ಷ ಕೋಲು ಮತ್ತೆ ಹೊರಬರುತ್ತದೆ.

ತೇಪೆಗಾರ
ಒಪ್ಪುವುದಿಲ್ಲ. ಜನರಿಗೆ ಲಾಭ ತೋರಿಸದೆ ಯಾವ ಕೆಲಸವೂ ಆಗುವುದಿಲ್ಲ. ಕೀಟ ತಿನ್ನುತ್ತದೆ ಎನ್ನುವುದು ಸುಳ್ಳಲ್ಲವಲ್ಲ?

ಗರಿಗಣ್ಣು
ಸುಳ್ಳಲ್ಲ. ಆದರೆ ಲಾಭದ ಲೆಕ್ಕ ಶುರು ಮಾಡಿದರೆ ಪ್ರತಿ ಜೀವಿಯೂ ನಮ್ಮ ಮುಂದೆ ಸಂಬಳದ ಚೀಟಿ ಹಿಡಿದು ನಿಲ್ಲಬೇಕಾಗುತ್ತದೆ. ಬಾನಾಡಿ ಹೆಜ್ಜೇನಿನ ರಾಣಿಯನ್ನೋ ಬೆಳೆಗೆ ಉಪಕಾರಿಯಾದ ಕಣಜವನ್ನೋ ತಿಂದಿತು ಎಂದು ನಾಳೆ ಯಾರಾದರೂ ತಂದಿಟ್ಟರೆ ಏನು ಮಾಡುತ್ತೀರಿ? ಸಂಬಳ ಕಡಿತವೇ? ನನಗೆ ಆ ದಾರಿ ಒಗ್ಗುವುದಿಲ್ಲ.

ತೇಪೆಗಾರ
ನಿಮಗೆ ಒಗ್ಗದಿರಬಹುದು. ಕೋಲು ಹಿಡಿದವನ ಕೈ ತಡೆಯುವ ಮಾತು ಯಾವುದೋ ಅದು ನನಗೆ ಬೇಕು.

ಹಳೆಯ ದುರ್ಬೀನು
ಜಗಳದ ನಡುವೆ ಒಂದು ಪ್ರಸಂಗ ಹೇಳುತ್ತೇನೆ, ಇಬ್ಬರಿಗೂ ಸಲ್ಲುತ್ತದೆ.

ಕೆನಡಾದ ಕಿಂಗ್‌ಸ್ಟನ್ನಿನಲ್ಲಿರುವ ಕ್ವೀನ್ಸ್ ವಿಶ್ವವಿದ್ಯಾಲಯದಲ್ಲಿ ಬಳಕೆಯಲ್ಲಿಲ್ಲದ ಒಂದು ಹೊಗೆಕೊಳವೆಯಿತ್ತು. ಅಲ್ಲಿನ ಹೊಗೆಕೊಳವೆ ಬಾನಾಡಿಗಳು ಹಿಂದೆ ಕಾಡಿನ ಟೊಳ್ಳುಮರಗಳಲ್ಲಿ ಇರುತ್ತಿದ್ದವು. ಮರಗಳು ಹೋದವು, ಇವು ಕೊಳವೆಗಳಿಗೆ ಬಂದವು. ಆ ಕೊಳವೆಯ ತಳದಲ್ಲಿ ಸುಮಾರು 48 ವರ್ಷಗಳ ಹಿಕ್ಕೆ ಪದರಪದರವಾಗಿ ಎರಡು ಮೀಟರ್ ಎತ್ತರಕ್ಕೆ ಕೂಡಿತ್ತು, 1940ರ ದಶಕದಿಂದ 1990ರ ದಶಕದ ಆರಂಭದವರೆಗೆ. ವಿಜ್ಞಾನಿಗಳು ಅದನ್ನು ಕೆರೆಯ ಹೂಳಿನ ಹಾಗೆ ಪದರ ಬಿಡಿಸಿ ಓದಿದರು. ಅಧ್ಯಯನ ಪ್ರಕಟವಾದದ್ದು 2012ರಲ್ಲಿ.

ಡಿಡಿಟಿ ಎಂಬ ಕೀಟನಾಶಕದ ಬಳಕೆ ಏರಿದ ಕಾಲದ ಪದರಗಳಲ್ಲಿ ಜೀರುಂಡೆಗಳ ತುಣುಕುಗಳು ಕಡಿಮೆಯಾಗುತ್ತ ಹೋಗಿ, ರಸ ಹೀರುವ ತಿಗಣೆ ಜಾತಿಯ ಕೀಟಗಳು ಹೆಚ್ಚಾಗಿದ್ದವು. ಹಕ್ಕಿಯ ಊಟ ಬದಲಾಗಿತ್ತು. ಡಿಡಿಟಿಯ ಕಾಲ ಮುಗಿದ ಮೇಲೂ ಜೀರುಂಡೆಗಳ ಪಾಲು ಮೊದಲಿನ ಮಟ್ಟಕ್ಕೆ ಮರಳಲಿಲ್ಲ. ಆ ವರ್ಷಗಳಲ್ಲಿ ಆಕಾಶದ ಕೀಟಗಳನ್ನು ಯಾರೂ ಎಣಿಸಿರಲಿಲ್ಲ. ಎಣಿಸಿ ಇಟ್ಟದ್ದು ಬಾನಾಡಿಗಳು. ನೀವು ಹಲಗೆ ಕಟ್ಟಿ ತಡೆಯುವ ಆ ಹಿಕ್ಕೆಯಲ್ಲಿ ಇಡೀ ಪ್ರದೇಶದ ದಿನಚರಿ ಇರುತ್ತದೆ.

ತೇಪೆಗಾರ
ಇದು ಸಭೆಯಲ್ಲಿ ಹೇಳಬಹುದಾದ ಮಾತು. ನಾನು ಸೋತೆ ಎಂದಲ್ಲ, ಆದರೆ ಇದನ್ನು ಹೇಳಿ.

ಗಾಳಿಪಟ
ಬಾನಾಡಿಗಳು ಕಡಿಮೆಯಾಗುತ್ತಿರುವುದು ಗೂಡಿನ ಜಾಗ ಹೋದದ್ದರಿಂದಲೋ ಕೀಟ ಹೋದದ್ದರಿಂದಲೋ? ಗೂಡೊಂದನ್ನೇ ಹಿಡಿದು ಮಾತಾಡುವುದು ಅರ್ಧ ಸತ್ಯ ಅನ್ನಿಸುತ್ತದೆ. ಜರ್ಮನಿಯ ಕ್ರೆಫೆಲ್ಡ್ ಕೀಟತಜ್ಞರು ಸಂರಕ್ಷಿತ ಪ್ರದೇಶಗಳಲ್ಲೇ 27 ವರ್ಷ ಬಲೆ ಹಾಕಿ ಹಾರುವ ಕೀಟಗಳನ್ನು ತೂಗಿದರು. ಒಟ್ಟು ತೂಕ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಇಳಿದಿತ್ತು ಎಂದು 2017ರಲ್ಲಿ ಪ್ರಕಟವಾಯಿತು. ಸಾವಿರ ಗೂಡು ಉಳಿಸಿದರೂ ಮರಿಗೆ ಉಂಡೆ ಎಲ್ಲಿಂದ ಬರಬೇಕು?

ಗರಿಗಣ್ಣು
ಒಂದನ್ನು ಬಿಟ್ಟು ಇನ್ನೊಂದನ್ನು ಆರಿಸುವ ಪ್ರಶ್ನೆಯೇ ತಪ್ಪು. ಬ್ರಿಟನ್ನಿನಲ್ಲಿ ಸಾಮಾನ್ಯ ಬಾನಾಡಿ 2021ರಲ್ಲಿ ಅಪಾಯದಲ್ಲಿರುವ ಹಕ್ಕಿಗಳ ಕೆಂಪು ಪಟ್ಟಿಗೆ ಸೇರಿತು. ಅಲ್ಲಿ ಎರಡೂ ಕಾರಣಗಳನ್ನು ಹೇಳುತ್ತಾರೆ, ಹವಾಮಾನವನ್ನೂ ಸೇರಿಸುತ್ತಾರೆ. ಆದರೆ ಕೀಟಗಳ ಕುಸಿತವನ್ನು ನಾಲ್ಕು ದಿನಗಳಲ್ಲಿ ಒಂದು ಕಟ್ಟಡದವರು ನಿಲ್ಲಿಸಲಾರರು. ಇಪ್ಪತ್ತಾರು ಗೂಡುಗಳನ್ನು ಉಳಿಸಬಲ್ಲರು. ಜಿಬ್ರಾಲ್ಟರ್‌ನಲ್ಲಿ ಹೊಸ ಕಟ್ಟಡಗಳಲ್ಲೇ ಬಾನಾಡಿಗೆ ಜಾಗ ಬಿಡಿಸುತ್ತಾರೆ. ಜೆರುಸಲೇಮಿನ ಪಶ್ಚಿಮ ಗೋಡೆಯ ಕಲ್ಲುಸಂದುಗಳಲ್ಲಿ ಬಾನಾಡಿಗಳು ಇಂದಿಗೂ ಮರಿ ಮಾಡುತ್ತವೆ, ಕೆಳಗೆ ಜನ ಪ್ರಾರ್ಥಿಸುತ್ತಿರುವಾಗಲೇ.

ಗಾಳಿಪಟ
ಮನುಷ್ಯರ ಕಟ್ಟಡ ಬರುವ ಮುನ್ನವೂ ಬದುಕಿದ್ದ ಹಕ್ಕಿಗೆ ಕಟ್ಟಡವೇ ಗತಿ ಎನ್ನುವುದು ನನಗೆ ಹಿಡಿಸುವುದಿಲ್ಲ. ಹತ್ತು ತಿಂಗಳು ನೆಲ ಮುಟ್ಟದೆ ಹಾರುವ ಹಕ್ಕಿಯಿದು!

ಹಳೆಯ ದುರ್ಬೀನು
ತಿದ್ದುಪಡಿ. ಹತ್ತು ತಿಂಗಳು ಹಾರುವುದು ಸಾಮಾನ್ಯ ಬಾನಾಡಿ, ಇಲ್ಲಿ ಚರ್ಚೆಯಲ್ಲಿರುವ ಮನೆ ಬಾನಾಡಿಯಲ್ಲ. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದವರು ಹಕ್ಕಿಗಳ ಬೆನ್ನಿಗೆ ಪುಟ್ಟ ದಾಖಲೆ ಉಪಕರಣ ಕಟ್ಟಿ 2016ರಲ್ಲಿ ಅದನ್ನು ತೋರಿಸಿದರು. ಕೆಲವು ಹಕ್ಕಿಗಳು ಗೂಡು ಬಿಟ್ಟು ಆಫ್ರಿಕಕ್ಕೆ ಹೋಗಿ ಮರಳುವವರೆಗೆ ಒಮ್ಮೆಯೂ ಇಳಿದಿರಲಿಲ್ಲ. ಸುಮಾರು ನಲವತ್ತು ಗ್ರಾಂ ತೂಗುವ ಹಕ್ಕಿ! ಅದಕ್ಕೂ ಮೊದಲು, 2013ರಲ್ಲಿ, ಆಲ್ಪೈನ್ ಬಾನಾಡಿ 200 ದಿನ ಹಾರಾಟದಲ್ಲೇ ಇರುವುದನ್ನು ಸ್ವಿಟ್ಜರ್ಲೆಂಡಿನ ಸಂಶೋಧಕರು ಕಂಡುಕೊಂಡಿದ್ದರು.

ಹಾಗೆ ಹಾರಬಲ್ಲ ಹಕ್ಕಿಯೂ ಮೊಟ್ಟೆಯನ್ನು ಗಾಳಿಯಲ್ಲಿಡಲಾರದು. ಅದಕ್ಕೊಂದು ಸಂದು ಬೇಕೇ ಬೇಕು. ಕಲ್ಲಿನದೋ, ಮರದ್ದೋ, ನಮ್ಮ ಗೋಡೆಯದೋ. ಇಡೀ ಆಕಾಶ ಇದ್ದವನಿಗೂ ಒಂದು ಗೇಣು ಗೋಡೆ ಬೇಕು ಎಂಬುದನ್ನು ನೆನೆದಾಗಲೆಲ್ಲ ನನಗೆ ಮನಸ್ಸು ಕಲಕುತ್ತದೆ.

ಇರುಳುಗಣ್ಣು
ಆಕಾಶದ ಮಾತು ಬಂದಿತಲ್ಲ, ವಿಷಯಾಂತರವಾದರೂ ಹೇಳಲೇಬೇಕು. ಉತ್ತರ ಅಮೆರಿಕದ ಕಪ್ಪು ಬಾನಾಡಿ ಜಲಪಾತಗಳ ಹಿಂದಿನ ಒದ್ದೆ ಬಂಡೆಗಳಲ್ಲಿ ಗೂಡು ಕಟ್ಟುತ್ತದೆ, ಚಳಿಗಾಲಕ್ಕೆ ಅಮೆಜಾನ್ ಕಾಡಿನ ಮೇಲಕ್ಕೆ ಹೋಗುತ್ತದೆ. ಹುಣ್ಣಿಮೆಯ ಸುತ್ತಮುತ್ತಲ ರಾತ್ರಿಗಳಲ್ಲಿ ಈ ಹಕ್ಕಿಗಳು ನಾಲ್ಕು ಸಾವಿರ ಮೀಟರಿಗೂ ಎತ್ತರಕ್ಕೆ ಏರುತ್ತವೆ ಎಂದು 2022ರಲ್ಲಿ ಪ್ರಕಟವಾಯಿತು. ಬೆಳದಿಂಗಳಲ್ಲಿ ಬೇಟೆಯಾಡುತ್ತವೆ ಎಂಬುದು ಸಂಶೋಧಕರ ಊಹೆ. ಆ ಅವಧಿಯಲ್ಲಿ ಒಂದು ಚಂದ್ರಗ್ರಹಣವೂ ಬಂತು. ಬೆಳಕು ಮಾಯವಾದಂತೆ ಹಕ್ಕಿಗಳೆಲ್ಲ ಕೆಳಕ್ಕಿಳಿದವು!

ನೆಲದ ನಂಟನ್ನು ಹೇಳಿದಿರಿ, ಚಂದ್ರನ ನಂಟನ್ನೂ ಸೇರಿಸಿಕೊಳ್ಳಿ.

ನೆಲದ ನಂಟು
ಸೇರಿಸಿಕೊಂಡೆ. ಗ್ರಹಣದ ವಿಷಯ ನನಗೆ ತಿಳಿದಿರಲಿಲ್ಲ. ಎರಡು ಸಲ ಓದಿದೆ.

ಗೂಡಿನೊಳಗಿನ ಲೋಕವನ್ನು ಯಾರೂ ಹೇಳಲಿಲ್ಲ. ಸಾಮಾನ್ಯ ಬಾನಾಡಿಯ ಮೈಮೇಲೆ ರಕ್ತ ಹೀರುವ ಒಂದು ನೊಣವಿದೆ. ಅದರ ರೆಕ್ಕೆ ಮೋಟು, ಹಾರಲಾರದು. ಹಕ್ಕಿ ಆಫ್ರಿಕಕ್ಕೆ ಹೊರಟ ಮೇಲೆ ನೊಣದ ಕೋಶಗಳು ಗೂಡಿನಲ್ಲೇ ಚಳಿಗಾಲ ಕಳೆದು, ಹಕ್ಕಿ ಮರಳುವ ಹೊತ್ತಿಗೆ ಒಡೆಯುತ್ತವೆ. ಗುಹೆಗಳಲ್ಲಿ ಕಟ್ಟುವ ಕಿರುಬಾನಾಡಿಗಳದ್ದು ಇನ್ನೂ ದೊಡ್ಡ ಸಂಸಾರ. ಬೋರ್ನಿಯೊ ದ್ವೀಪದ ನಿಯಾ, ಗೊಮಾಂಟಾಂಗ್ ಗುಹೆಗಳಲ್ಲಿ ಬಾವಲಿಗಳ ಮತ್ತು ಇವುಗಳ ಹಿಕ್ಕೆಯ ರಾಶಿಯನ್ನು ನಂಬಿ ಜಿರಲೆ, ಜೀರುಂಡೆಗಳು ಬದುಕುತ್ತವೆ. ಅವುಗಳನ್ನು ನಂಬಿ ಜೇಡ, ಶತಪದಿ. ಬಿಸಿಲು ಕಾಣದ ಗುಹೆಗೆ ಹೊರಗಿನ ಕಾಡಿನ ಸಾರವನ್ನು ದಿನವೂ ಹೊತ್ತು ತರುವುದು ಈ ರೆಕ್ಕೆಗಳು. ಕತ್ತಲಲ್ಲಿ ದಾರಿ ಕಾಣಲು ಗಂಟಲಿನಾಳದ ಧ್ವನಿಯಂಗದಿಂದ ಟಿಕ್ ಟಿಕ್ ಸದ್ದು ಮಾಡಿ ಪ್ರತಿಧ್ವನಿ ಕೇಳುತ್ತವೆ. ಬಾವಲಿಯದ್ದರಂತಲ್ಲ, ಆ ಸದ್ದು ನಮ್ಮ ಕಿವಿಗೂ ಕೇಳಿಸುತ್ತದೆ.

ಬಿಸಿಲುಕೋಲು
ಜೊಲ್ಲಿನ ಗೂಡನ್ನು ಜನ ತಿನ್ನುತ್ತಾರೆ ಎನ್ನುವುದು ಇದೇ ಹಕ್ಕಿಯದೇ?

ಗರಿಗಣ್ಣು
ಹೌದು, ಕಿರುಬಾನಾಡಿಗಳಲ್ಲಿ ಕೆಲವು ಜಾತಿಗಳದ್ದು. ಅದನ್ನು ಇಲ್ಲಿ ಎತ್ತಿದರೆ ಇನ್ನೊಂದು ಜಗಳ. ಬೇರೆ ಚರ್ಚೆಯಲ್ಲಿ ಮಾತಾಡೋಣ.

ಆರೈಕೆ
ತಡವಾಗಿ ಬಂದೆ. ಬಣ್ಣದ ಕೆಲಸದ ಗಲಾಟೆಗೆ ಮರಿ ಕೆಳಗೆ ಬೀಳುವುದು ಸಾಮಾನ್ಯ. ಬಿದ್ದರೆ ಏನು ಮಾಡಬೇಕು ಎಂದು ಮುಂಜಾವು ಅವರು ಕೇಳಿಲ್ಲ, ಆದರೂ ಬರೆಯುತ್ತೇನೆ.

ಬಿಸಿಲುಕೋಲು
ಮೇಲಕ್ಕೆ ತೂರಿದರೆ ಹಾರುತ್ತದೆ ಎಂದು ಕೇಳಿದ್ದೇನೆ.

ಆರೈಕೆ
ಖಂಡಿತ ಬೇಡ! ತೂರಿದ ಹಕ್ಕಿ ಗಾಯಗೊಂಡಿದ್ದರೆ, ಇಲ್ಲವೇ ಗರಿ ಪೂರ್ತಿ ಬೆಳೆಯದ ಮರಿಯಾಗಿದ್ದರೆ, ಕಲ್ಲಿನಂತೆ ಬೀಳುತ್ತದೆ. ಬಾನಾಡಿಯ ಮರಿಗೆ ತಾಯಿತಂದೆ ಹಾರಾಟ ಕಲಿಸುವುದಿಲ್ಲ. ಗೂಡಿನೊಳಗೇ ರೆಕ್ಕೆ ಊರಿ ಮೈಯೆತ್ತಿ ಕಸರತ್ತು ಮಾಡಿ, ಸಿದ್ಧವಾದ ದಿನ ತಾನಾಗಿ ಜಿಗಿಯುತ್ತದೆ. ಆ ದಿನವನ್ನು ನಾವು ನಿರ್ಧರಿಸಲಾಗದು.

ಗಾಳಿ ಆಡುವ ತೂತುಗಳಿರುವ ರಟ್ಟಿನ ಪೆಟ್ಟಿಗೆ, ಒಳಗೆ ಮೆತ್ತನೆಯ ಬಟ್ಟೆ, ಕತ್ತಲು, ಮೌನ. ಬಾಯಿಗೆ ನೀರು ಸುರಿಯಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ. ಅನ್ನ, ರೊಟ್ಟಿ, ಹಾಲು ಕೊಡಬೇಡಿ. ಇದು ಕೀಟವನ್ನು ಮಾತ್ರ ತಿನ್ನುವ ಹಕ್ಕಿ, ತಪ್ಪು ಊಟದಿಂದ ಗರಿಗಳೇ ಕೆಡುತ್ತವೆ. ಗರಿ ಕೆಟ್ಟ ಬಾನಾಡಿಗೆ ಬದುಕಿಲ್ಲ. ವನ್ಯಜೀವಿ ಆರೈಕೆ ಬಲ್ಲವರಿಗೆ ಬೇಗ ತಲುಪಿಸಿ. ನೋವಾಗದೆ ಬಿದ್ದ ಮರಿಯಾದರೆ, ಗೂಡು ಉಳಿದಿದ್ದರೆ, ಗೂಡಿಗೇ ಸೇರಿಸುವುದು ಎಲ್ಲಕ್ಕಿಂತ ಒಳ್ಳೆಯದು. ಮುಟ್ಟಿದ ಮರಿಯನ್ನು ತಾಯಿ ಬಿಡುತ್ತದೆ ಎಂಬುದು ಸುಳ್ಳು.

ನುಡಿಗಂಟು
ಎಲ್ಲರೂ ಬಾನಾಡಿ ಎಂದು ಬರೆಯುತ್ತಿದ್ದೀರಿ. ಕಾವ್ಯಗಳಲ್ಲಿ ಬಾನಾಡಿ ಎಂದರೆ ಯಾವ ಹಕ್ಕಿಯೂ ಆಗಬಹುದು. ಗೊಂದಲವಾಗುವುದಿಲ್ಲವೇ? ಸ್ವಿಫ್ಟ್ ಎಂದೇ ಬರೆಯಬಾರದೇ?

ಹಳೆಯ ದುರ್ಬೀನು
ಬಾನಿನಲ್ಲಿ ಆಡುವುದು ಬಾನಾಡಿ. ಉಳಿದ ಹಕ್ಕಿಗಳು ಬಾನಿಗೆ ಹೋಗಿಬರುತ್ತವೆ. ಇದು ಅಲ್ಲೇ ಉಣ್ಣುತ್ತದೆ, ಅಲ್ಲೇ ಕುಡಿಯುತ್ತದೆ, ನೀರಿನ ಮೈಯನ್ನು ಹಾರುತ್ತಲೇ ಕೊಕ್ಕಿನಿಂದ ಸೀಳಿಕೊಂಡು. ಆ ಹೆಸರು ಸಲ್ಲಬೇಕಾದ್ದು ಇದಕ್ಕೇ. ಹಕ್ಕಿ ನೋಡುವವರು ಮನೆ ಬಾನಾಡಿ, ತಾಳೆ ಬಾನಾಡಿ ಎಂದು ಬಳಸುತ್ತಲೂ ಇದ್ದಾರೆ.

ನುಡಿಗಂಟು
ಒಪ್ಪಿದೆ. ಹೀಗೆ ಯೋಚಿಸಿರಲಿಲ್ಲ.

ಮುಂಜಾವು
ಸಭೆ ಮುಗಿಯಿತು. ನಿನ್ನೆ ಸಂಜೆ ಹಳೆಯ ದುರ್ಬೀನು ಅವರು ಹೇಳಿದಂತೆ ಎಣಿಸಲು ನಿಂತೆ, ಪ್ರಶ್ನೆ ಕೇಳಿದ ಹಿರಿಯರನ್ನೂ ಕರೆದೆ. "ಖಾಲಿ" ಗೂಡುಗಳಿಗೆ ಮೂವತ್ತೊಂದು ಹಕ್ಕಿಗಳು ನುಗ್ಗಿದವು. ಅವರೇ ಬೆರಳು ಮಡಿಸಿ ಎಣಿಸಿದರು. ಇಂದು ಸಭೆಯಲ್ಲಿ ನನಗಿಂತ ಹೆಚ್ಚು ಮಾತಾಡಿದವರೂ ಅವರೇ. ಈಸಲಿನ ಮಾತನ್ನು ಅವರಿಗೆ ಹೇಳಿದ್ದೆ, ಅದನ್ನೇ ಹೇಳಿದರು, ಹೊಗೆಕೊಳವೆಯದ್ದನ್ನು ನಾನು ಹೇಳಿದೆ. ಕಮಾನಿನ ಒಳಮೈಗೆ ಈ ಸಲ ಬಣ್ಣ ಬೇಡ ಎಂದು ಒಪ್ಪಿದ್ದಾರೆ. ಹೊರಮೈಯ ಕೆಲಸವನ್ನೂ ಮರಿಗಳು ಹಾರಿದ ಮೇಲೆ ಮಾಡುತ್ತಾರೆ. ಇಬ್ಬರು ಮಾತ್ರ ಇನ್ನೂ ಸಿಟ್ಟಿನಲ್ಲಿದ್ದಾರೆ, ಹಿಕ್ಕೆ ಬೀಳುವುದು ಅವರ ಬಾಗಿಲಿನ ಮುಂದೆಯೇ.

ತೇಪೆಗಾರ ಅವರೇ, ಹಲಗೆಯನ್ನು ಗೂಡಿನಿಂದ ಎಷ್ಟು ಕೆಳಗೆ ಕಟ್ಟಬೇಕು?

ತೇಪೆಗಾರ
ತೀರ ಹತ್ತಿರ ಬೇಡ. ಗೂಡಿನಿಂದ ಹೊರಬಿದ್ದ ಹಕ್ಕಿ ಮೊದಲು ಕೆಳಕ್ಕೆ ಜಾರಿ ವೇಗ ಪಡೆದು ಆಮೇಲೆ ರೆಕ್ಕೆ ಬಡಿಯುತ್ತದೆ, ಆ ಜಾಗಕ್ಕೆ ಅಡ್ಡ ಬರಬಾರದು. ಬಾಗಿಲಿನ ಚೌಕಟ್ಟಿನ ಮೇಲಂಚಿಗೆ ಸಮನಾಗಿ ಕಟ್ಟಿ. ಅಗಲ ಒಂದೂವರೆ ಅಡಿ ಸಾಕು. ಆ ಇಬ್ಬರ ಬಾಗಿಲಿನ ಹಲಗೆಯನ್ನು ಮೊದಲು ಕಟ್ಟಿ. ಮೊಳೆ ಹೊಡೆಯುವ ಸದ್ದು ಮರಿಗಳಿಗೆ ಆಗದು, ಮರಿ ಹಾರುವವರೆಗೆ ಹಗ್ಗದಲ್ಲೇ ಬಿಗಿಯಿರಿ.

ಗರಿಗಣ್ಣು
ಬಿದ್ದ ಹಿಕ್ಕೆಯನ್ನು ಎಸೆಯುವ ಮುನ್ನ ಒಂದು ಚಿಟಿಕೆ ನೀರಿನಲ್ಲಿ ನೆನೆಸಿ, ಭೂತಗನ್ನಡಿಯಲ್ಲಿ ನೋಡಿ. ಜೀರುಂಡೆಯ ರೆಕ್ಕೆಯ ಚೂರುಗಳು ಮಿನುಗುತ್ತವೆ. ಕೈಗವಸು ಮಾತ್ರ ಮರೆಯಬೇಡಿ. ಆ ಹಿರಿಯರಿಗೂ ತೋರಿಸಿ.